ಹೆಬ್ಬಾತಿನ ಗರಿ ಬರೆದ ಸ್ತುತಿ

ಕಡಲು ದಾಟಿ ಹೊಸ ನಾಡಿಗೆ ಬಂದ ಪ್ಯೂರಿಟನ್ ಎಂಬ ಕ್ರೈಸ್ತ ಪಂಥದ ಭಕ್ತರ ಹಳ್ಳಿಯಲ್ಲಿ, ಪಾದ್ರಿಗಳು ಸುಗ್ಗಿಗೆಂದು ಒಂದು ಸ್ತುತಿಯನ್ನು ಹೆಬ್ಬಾತಿನ ಗರಿಯಿಂದಲೂ ಇನ್ನೊಂದನ್ನು ನವಿಲುಗರಿಯಿಂದಲೂ ಬರೆದರು. ಸಭೆ ಹಾಡುವಾಗ ಯಾವ ಸ್ತುತಿ ಸೋಲುವುದೋ ಅದರ ಲೇಖನಿಯನ್ನು ಎಸೆಯುವುದೆಂದು ನಿಶ್ಚಯವಾಯಿತು.

"ಎಲೈ ಕೊಳದವಳೇ, ನಿನ್ನ ಬೋಳು ಮಾತು ದೇವರಿಗೆ ಮುಟ್ಟೀತೇ?" ಎಂದಿತು ನವಿಲುಗರಿ.

ಹೆಬ್ಬಾತಿನ ಗರಿ ಹೇಳಿತು: "ಆತನಿಗೆ ಮೌನವೂ ಮುಟ್ಟುತ್ತದೆ, ಅಕ್ಕಾ. ಹಿಂದೆ ಕೂತವರಿಗೂ ಮುಟ್ಟಲಿ ಅಂತ ಬರೆದೆ."

ಪುಸ್ತಕಗಳಿಲ್ಲದ ಆ ಸಭೆಯಲ್ಲಿ ಹಿರಿಯರೊಬ್ಬರು ಒಂದೊಂದೇ ಸಾಲು ಓದುವುದು, ಮಿಕ್ಕವರು ಅದನ್ನು ಹಾಡುವುದು ವಾಡಿಕೆ. ನವಿಲುಗರಿಯ ಸಾಲು ಬಳುಕಿ ಬಳುಕಿ ಮುಗಿಯುವಷ್ಟರಲ್ಲಿ ಅದರ ಆರಂಭವೇ ಮರೆತುಹೋಗಿ, ಸಭೆ ಬಾಯಿ ತೆರೆದು ನಿಂತಿತು. ಆಮೇಲೆ ಹೆಬ್ಬಾತಿನದು ಬಂತು: "ಹಸಿದಾಗ ಕೊಟ್ಟೆ, ಅತ್ತಾಗ ಬಂದೆ, ನಿನಗೇ ಸ್ತೋತ್ರ."

ಮುದುಕರು, ಮಕ್ಕಳು, ಬಾಣಂತಿಯರು ಒಂದೇ ಉಸಿರಿಗೆ ಎತ್ತಿ ಹಾಡಿದರು. ಹಲಗೆಯ ಗೋಡೆಗಳು ಅದುರಿದವು. ಎಲ್ಲರ ಬಾಯಿಗೂ ಬರುವ ಮಾತೇ ದೇವರಿಗೆ ಸಿಂಗಾರ.