ಡೆನ್ಮಾರ್ಕಿಗಿಂತ ಮುಂದೆ

ಡೆನ್ಮಾರ್ಕ್ ಪ್ರವಾಸ ಮುಗಿಸಿ ಬಂದ ತಹಶೀಲ್ದಾರರು ಗುಮಾಸ್ತನನ್ನು ಕರೆದರು. "ಮುದುಕರ ಯೋಗಕ್ಷೇಮದಲ್ಲಿ ನಮ್ಮ ತಾಲ್ಲೂಕು ಆ ದೇಶಕ್ಕಿಂತ ಮುಂದಿದೆ ಅಂತ ವರದಿ ಬರೀರಿ. ಸಂಜೆಯೊಳಗೆ ಬೇಕು."

ಮುದುಕಿ ಸಾಕವ್ವನ ನಿಂತ ಪಿಂಚಣಿಗಾಗಿ ಏಳು ಸಲ ಟಿಪ್ಪಣಿ ಬರೆದು ಬೇಸತ್ತಿದ್ದ ಗುಮಾಸ್ತ ಒಂದೇ ಸಾಲು ಬರೆದ: "ಅಲ್ಲಿ ಬದುಕಿರುವವರಷ್ಟೇ ಓಡಾಡುತ್ತಾರೆ; ನಮ್ಮಲ್ಲಿ ಸತ್ತವರೂ ಪಿಂಚಣಿ ಕೇಳಲು ಕಚೇರಿಗೆ ನಡೆದು ಬರುತ್ತಾರೆ."

"ಯಾರ್ರೀ ಸತ್ತವರು?" ಓದಿದ ಸಾಹೇಬರು ಕೇಳಿದರು.

"ಬಾಗಿಲಲ್ಲಿ ನಿಂತಿರೋ ಸಾಕವ್ವ, ಸಾರ್. ನಮ್ಮ ಕಡತದಲ್ಲಿ ತೀರಿಕೊಂಡು ವರ್ಷವಾಯ್ತು. ಪಿಂಚಣಿ ನಿಂತಿದೆ."

"ಇದು ಮೇಲಕ್ಕೆ ಹೋದರೆ ನನ್ನ ಗತಿಯೇನ್ರೀ?"

ಗುಮಾಸ್ತ ಸಾಕವ್ವನ ಕಡತ ಮುಂದಿಟ್ಟ. "ತಾವು ಆಕೆಯನ್ನು ಬದುಕಿಸಬಹುದು, ಸಾರ್."

ಸಾಹೇಬರು ಹಲ್ಲು ಕಡಿಯುತ್ತಾ ಸಹಿ ಹಾಕಿದರು. "ಈಗ ಆ ಸಾಲು ಹೊಡೆದುಹಾಕಿ."

"ಹೇಗೆ ಹೊಡೀಲಿ ಸಾರ್? ಸತ್ತವರು ಇನ್ನೂ ಹನ್ನೊಂದು ಜನ ಜಗಲಿ ಮೇಲೆ ಕಾಯ್ತಿದ್ದಾರೆ."