ತುತ್ತುಬಾಕರು

ಒಂದು ಕಾಡಿನಲ್ಲಿ ಸಿಂಹವೇ ಇರಲಿಲ್ಲ. ಹಾಗಾಗಿ ಅಲ್ಲಿಗೆ ಆನೆಯೇ ರಾಜ. ಹೆಸರು ಹಿರಿದಂತ. ದೊಡ್ಡ ಆಲದ ಕೆಳಗಿದ್ದ ಅವನ ಅರಮನೆಯ ಬಾಗಿಲಲ್ಲಿ ಆರು ಮಂದಿ ಕರಡಿಗಳು ಕಾವಲು ನಿಲ್ಲುತ್ತಿದ್ದರು. ಕೊರಳಲ್ಲಿ ಕೆಂಪು ಮುತ್ತುಗದ ಹೂವಿನ ಹಾರ, ಹಿಂಗಾಲ ಮೇಲೆ ನೆಟ್ಟಗೆ ನಿಲುವು. ಮೂಗಿನ ಮೇಲೆ ನೊಣ ಕೂತರೂ ಅಲುಗುವಂತಿಲ್ಲ, ಕೂರುವಂತಿಲ್ಲ, ಮಾತಾಡುವಂತಿಲ್ಲ. ಅವರಲ್ಲಿ ಹಿರಿಯವನು ಕಂಬಳಿ. ಮೈತುಂಬ ದಟ್ಟ ಕೂದಲು, ಅದಕ್ಕೇ ಆ ಹೆಸರು.

ರಾಜನ ಊಟಕ್ಕೆ ಒಂದು ಕಟ್ಟಳೆ ಇತ್ತು. ಎಲೆ ಬಡಿಸಿದ ಮೇಲೆ ಮೊದಲ ತುತ್ತು ಕಂಬಳಿಯದು. ಅದನ್ನು ತಿಂದು ಅವನು ಹಾಗೇ ನಿಲ್ಲಬೇಕು. ಬಾಗಿಲಲ್ಲಿ ನೆಟ್ಟ ಬಿದಿರಿನ ನೆರಳು ಬಿಳಿ ಬಂಡೆ ಮುಟ್ಟಿದ ಮೇಲೆಯೇ ರಾಜ ಉಣ್ಣಬೇಕು. ಯಾಕೆ ಗೊತ್ತೇ? ಹಿಂದೆ ಯಾರೋ ಊಟದಲ್ಲಿ ವಿಷವಿಟ್ಟು ಹಿರಿದಂತನ ಅಪ್ಪನನ್ನು ಕೊಂದಿದ್ದರು. ಕಾಡೆಲ್ಲ ಹೆದರಬಾರದೆಂದು ಈ ಸಂಗತಿಯನ್ನು ಅರಮನೆಯವರು ಹೊರಗೆ ಬಿಟ್ಟಿರಲಿಲ್ಲ.

ಮಂತ್ರಿಯಾಗಿದ್ದವನು ಚೂಪ ಎಂಬ ನರಿ. ಅವನು ಹೊಳೆಯಾಚೆಯ ಹುಲಿಯ ಜೊತೆ ಗುಟ್ಟಾಗಿ ಮಾತಾಡಿಕೊಂಡಿದ್ದ. ಆನೆ ಸತ್ತರೆ ಕಾಡು ಹುಲಿಗೆ, ಬೇಟೆಯಲ್ಲಿ ಪಾಲು ನರಿಗೆ! ಆದರೆ ಆ ಮೊದಲ ತುತ್ತು ಅಡ್ಡ ಬರುತ್ತಿತ್ತಲ್ಲ? ಅದಕ್ಕೇ ಅವನು ಕಾಡೆಲ್ಲ ಸುತ್ತಿ ಹೇಳಿದ, "ನೋಡಿದಿರಾ ಆ ಹೊಟ್ಟೆಬಾಕರನ್ನ? ರಾಜನ ಎಲೆಗೇ ಬಾಯಿ ಹಾಕ್ತಾರೆ. ಕಾವಲುಗಾರರಂತೆ, ತುತ್ತುಬಾಕರು!"

ಹೆಸರು ಅಂಟಿಕೊಂಡಿತು. ಮಂಗಗಳು ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಕೂಗಿದವು, "ತುತ್ತುಬಾಕ ಬಂದ! ಎಲೆ ಮುಚ್ಚಿ!" ಅರಮನೆಯ ಗುಟ್ಟನ್ನು ಕಂಬಳಿ ಹೊರಗೆ ಹೇಳುವಂತಿರಲಿಲ್ಲ. ಮರುದಿನವೂ ಎಂದಿನಂತೆ ತುತ್ತು ತಿಂದು ನೆಟ್ಟಗೆ ನಿಂತ.

ಚೂಪ ಇತ್ತ ರಾಜನ ಕಿವಿಯಲ್ಲೂ ಊದಿದ. "ಪ್ರಭು, ನೀವು ಕಾವಲುಗಾರರ ಎಂಜಲು ತಿನ್ನುತ್ತೀರಂತೆ. ಮೊಲದ ಮರಿಗಳೂ ನಗ್ತಿವೆ."

ಎಂಜಲು! ಆ ಮಾತು ರಾಜನಿಗೆ ಮುಳ್ಳಿನಂತೆ ಚುಚ್ಚಿತು. "ಇಷ್ಟು ವರ್ಷ ಏನೂ ಆಗಿಲ್ಲ. ನಾಳೆ ಪಟ್ಟದ ಹಬ್ಬ. ನಾಳೆಯಿಂದ ಮೊದಲ ತುತ್ತು ಬೇಡ," ಎಂದುಬಿಟ್ಟ.

ಹಬ್ಬದ ಬೆಳಿಗ್ಗೆ ಕಾಡಿಗೆ ಕಾಡೇ ನೆರೆದಿತ್ತು. ಚೂಪ ತಾನೇ ಕೈಯಾರೆ ಕಲಸಿದ ಹಲಸಿನ ರಸಾಯನ ತಂದಿಟ್ಟ. ಮೇಲೆ ಜೇನು ಸುರಿದಿದ್ದ. ಎಲೆ ಕಂಬಳಿಯ ಮುಂದೆಯೇ ಹಾದುಹೋಯಿತು. ಜೇನಿನ ವಿಷಯದಲ್ಲಿ ಕರಡಿಯ ಮೂಗಿಗೆ ಮೋಸ ಮಾಡುವುದುಂಟೇ? ಸಿಹಿಯ ಅಡಿಯಲ್ಲಿ ಏನೋ ಒಗರು ಬೇರಿನ ವಾಸನೆ. ಕಂಬಳಿಗೆ ಅನುಮಾನ ಬಂತು. ಹೇಳಿದರೆ ಯಾರು ನಂಬುತ್ತಾರೆ? ತುತ್ತಿಗಾಗಿ ಬಾಯಿ ಬಿಡ್ತಾನೆ ಅಂತಾರೆ. ರಾಜ ಸೊಂಡಿಲು ಚಾಚಿದ. ಕಂಬಳಿ ಒಂದೇ ಹೆಜ್ಜೆ ಮುಂದೆ ಬಂದು ಎಲೆಗೆ ಕೈಹಾಕಿ ಒಂದು ತುತ್ತು ನುಂಗಿಬಿಟ್ಟ!

"ಥೂ, ತುತ್ತುಬಾಕ!" ಕಾಡೆಲ್ಲ ಕೂಗಿತು.

"ಕಂಬಳಿ! ಬೇಡ ಅಂದಿರಲಿಲ್ಲವೇ?" ರಾಜ ಘೀಳಿಟ್ಟ. ಕಂಬಳಿ ತನ್ನ ಜಾಗಕ್ಕೆ ಹೋಗಿ ನೆಟ್ಟಗೆ ನಿಂತ.

ಚೂಪ ಗಡಿಬಿಡಿಯಲ್ಲಿ ಹೇಳಿದ, "ಹೋಗಲಿ ಬಿಡಿ ಪ್ರಭು, ಒಂದು ತುತ್ತು ತಾನೇ. ನೀವು ಉಣ್ಣಿ, ಬೇಗ ಉಣ್ಣಿ."

ರಾಜನ ಸೊಂಡಿಲು ನಿಂತಿತು. "ನಿನ್ನೆ ತನಕ ಎಂಜಲು ಎಂಜಲು ಅಂದವನು ನೀನೇ ಅಲ್ಲವೇನೋ? ಇವತ್ತು ನೀನೇ ಎಂಜಲು ಉಣ್ಣು ಅಂತೀಯ? ಇರಲಿ, ನೆರಳು ಬಂಡೆ ಮುಟ್ಟಲಿ."

ಎಲ್ಲರೂ ಕಾದರು. ನೆರಳು ಒಂದು ಗೇಣು ಸರಿಯಿತು. ಕಂಬಳಿಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇನ್ನೊಂದು ಗೇಣು. ಕಣ್ಣು ಮಂಜಾಯಿತು, ಮೊಣಕಾಲು ನಡುಗಿತು. ಇಪ್ಪತ್ತು ವರ್ಷ ಅವನು ಅಲುಗಿದವನಲ್ಲ, ಅದೇ ಅವನ ಹೆಮ್ಮೆ. ಹಲ್ಲುಕಚ್ಚಿ ನಿಂತರೆ ನೆರಳು ಬಂಡೆ ಮುಟ್ಟುತ್ತದೆ, ರಾಜ ಉಣ್ಣುತ್ತಾನೆ, ಸಾಯುತ್ತಾನೆ. ಬಂಡೆಗೆ ನಾಲ್ಕೇ ಬೆರಳು ಉಳಿದಿತ್ತು. ಅಯ್ಯೋ, ಆ ಹೆಮ್ಮೆ ಬಿಡುವುದು ಎಷ್ಟು ಕಷ್ಟವಾಯಿತು ಅವನಿಗೆ!

ಕಂಬಳಿ ಎಲ್ಲರೆದುರು ನೆಲದ ಮೇಲೆ ಕೂತುಬಿಟ್ಟ.

ಮಂಗಗಳು ಗೊಳ್ಳೆಂದು ನಕ್ಕವು. "ತಿಂದದ್ದು ಹೆಚ್ಚಾಯಿತೇನೋ!" ರಾಜ ನಗಲಿಲ್ಲ. ಕಾವಲುಗಾರ ಕೂತರೆ ಏನರ್ಥ ಎಂದು ಅವನಿಗೆ ಗೊತ್ತಿತ್ತು. "ವಿಷ!" ಎಂದು ಎಲೆಯನ್ನು ನರಿಯ ಮುಂದೆ ತಳ್ಳಿದ. "ನೀನೇ ಕಲಸಿದ್ದಲ್ಲವೇ? ಒಂದು ತುತ್ತು ತಿನ್ನು."

ಚೂಪ ಬಾಲ ಮುದುರಿಕೊಂಡು ಓಡಿದ. ಬಾಗಿಲಲ್ಲಿ ಉಳಿದ ಐದು ಮಂದಿ ಕರಡಿಗಳು ಅಡ್ಡ ನಿಂತಿದ್ದರು. ಸಿಕ್ಕಿಬಿದ್ದು ಎಲ್ಲವನ್ನೂ ಒಪ್ಪಿಕೊಂಡ. ಅವನನ್ನು ಹೊಳೆಯಾಚೆಗೆ ಅಟ್ಟಿದರು. ಕೆಲಸ ಕೆಡಿಸಿ ಬಂದವನನ್ನು ಹುಲಿ ಸುಮ್ಮನೆ ಬಿಡಲಿಲ್ಲ.

ಜೊತೆಗಾರರು ಕಂಬಳಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಮೂರು ದಿನದ ಮೇಲೆ ಅವನು ಕಣ್ಣುಬಿಟ್ಟ. ರಾಜ ಪಕ್ಕದಲ್ಲೇ ಕೂತಿದ್ದ, ಕಣ್ಣಲ್ಲಿ ನೀರು. "ಆ ಕೆಟ್ಟ ಹೆಸರು ಇನ್ನು ಯಾರೂ ಕೂಗಬಾರದೆಂದು ಅಪ್ಪಣೆ ಮಾಡ್ತೀನಿ," ಎಂದ.

ಕಂಬಳಿ ಮೆಲ್ಲಗೆ ಹೇಳಿದ, "ಹೆಸರು ಇರಲಿ, ಪ್ರಭು. ನಿಮ್ಮ ತುತ್ತು ತಿನ್ನೋದೇ ನಮ್ಮ ಕೆಲಸ ಅಲ್ವಾ?"

ಹೆಸರು ಉಳಿಯಿತು. ಈಗ ಮಂಗಗಳೂ ಅದನ್ನು ತಲೆಬಾಗಿಸಿ ಹೇಳುತ್ತವೆ. ದಿನಾ ಬೆಳಿಗ್ಗೆ ಎಲೆ ಬಂದಾಗ ಹಿರಿದಂತ ಅದನ್ನು ತಾನೇ ಮುಂದಕ್ಕೆ ಸರಿಸಿ, ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ: "ಮೊದಲು ನನ್ನ ತುತ್ತುಬಾಕರು ತಿನ್ನಲಿ. ನನಗೆ ಅವರ ಎಂಜಲೇ ಊಟ."

ನೀತಿ: ಕಾರಣ ತಿಳಿಯದೆ ಯಾರಿಗೂ ಅಡ್ಡಹೆಸರಿಟ್ಟು ನಗಬಾರದು, ನಾವು ಯಾರನ್ನು ನೋಡಿ ನಗುತ್ತೇವೋ ಅವರೇ ನಮಗಾಗಿ ಪ್ರಾಣ ಒಡ್ಡುತ್ತಿರಬಹುದು.