ನಿರಿಗೆಗುಡ್ಡದ ಸುತ್ತುದಾರಿ

ಭೂಮಿಯ ಮೈ ಇನ್ನೂ ಎಳೆಯದಾಗಿದ್ದ ಕಾಲವದು. ಹೊಳೆಗಳಿಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ, ಎದುರಿಗೆ ಬಂದವರನ್ನು ನಿಲ್ಲಿಸಿ ದಾರಿ ಕೇಳುತ್ತಿದ್ದವು. ಗುಡ್ಡಗಳಿಗೆ ಮಾತು ಬರುತ್ತಿತ್ತು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಬರುತ್ತಿತ್ತು.

ಗುಡ್ಡಗಳೆಲ್ಲ ಬೇಗ ಬೇಗ ಮೈ ಮುಚ್ಚಿಕೊಂಡಿದ್ದವು. ಒಂದು ಕಾಡು ಹೊದ್ದಿತು, ಇನ್ನೊಂದು ಮಂಜು ಹೊದ್ದಿತು. ಹೊದಿಕೆ ಕೇಳಲು ನಾಚಿಕೊಂಡು ಹಿಂದೆ ಉಳಿದ ಒಂದು ಗುಡ್ಡ ಮಾತ್ರ ಬೋಳಾಗಿಯೇ ಇತ್ತು.

ಅದರ ಬುಡದಲ್ಲಿ ಮಾಳವ್ವ ಎಂಬ ಮುದುಕಿ ಕುರಿ ಸಾಕಿಕೊಂಡು, ಕಂಬಳಿ ನೇಯ್ದುಕೊಂಡು ಇದ್ದಳು. ಅವಳ ಮೈಗೆ ವಯಸ್ಸಾಗಿತ್ತು, ಕುತೂಹಲಕ್ಕೆ ಆಗಿರಲಿಲ್ಲ. ಹುತ್ತ ಕಂಡರೂ ಬಗ್ಗಿ, “ಒಳಗ ಯಾರದೀರಿ?” ಎಂದು ಕೇಳುವವಳು.

ಚಳಿಗಾಲದ ಮುಂಜಾನೆ ಬೋಳುಗುಡ್ಡ ಗಡಗಡ ನಡುಗುತ್ತಿತ್ತು. ನಡುಗಿದಾಗೆಲ್ಲ ಒಂದೊಂದು ಬಂಡೆ ಸೀಳಿ ಕೆಳಗೆ ಉರುಳುತ್ತಿತ್ತು.

“ಯಾಕೋ ಗುಡ್ಡಪ್ಪ, ಹಿಂಗ ನಡಗಾಕತ್ತೀಯಲ್ಲ?” ಎಂದಳು ಮಾಳವ್ವ.

“ಮೈಮ್ಯಾಲ ಅರಿವಿ ಇಲ್ಲಬೇ ಮಾಳವ್ವ. ಇನ್ನೊಂದಿಷ್ಟು ಚಳಿಗಾಲ ಹಿಂಗ ಕಳದ್ರ ಪುಡಿಪುಡಿ ಆಗಿಬಿಡ್ತೀನಿ.”

ಮಾಳವ್ವ ಗುಡ್ಡದ ಮೈ ತಡವಿದಳು. “ತಡಿ, ನಿನಗೊಂದು ಕಂಬಳಿ ನೇಯ್ತೀನಿ,” ಎಂದಳು.

ಗುಡ್ಡಕ್ಕೆ ಸಾಲುವಷ್ಟು ದೊಡ್ಡ ಮಗ್ಗ ಎಲ್ಲಿತ್ತು ಎಂದು ಕೇಳಬೇಡಿ. ಲೋಕ ಹೊಸದಾಗಿತ್ತು, ಯಾವುದೂ ತನ್ನ ಅಳತೆ ಕಲಿತಿರಲಿಲ್ಲ. ಏಳು ಮಳೆಗಾಲ ಮಾಳವ್ವ ಪಟ್ಟಿ ಪಟ್ಟಿಯಾಗಿ ನೇಯ್ದು, ಪಟ್ಟಿಗೆ ಪಟ್ಟಿ ಸೇರಿಸಿ ಹೊಲಿದಳು. ಅವಳ ಕುರಿಗಳು ಹೊಳೆದಂಡೆಯಲ್ಲಿ ಮೇಯುತ್ತಿದ್ದವು, ಹಾಗಾಗಿ ಉಣ್ಣೆಯ ತುಂಬ ಹುಲ್ಲಿನ ಬೀಜ ಅಂಟಿರುತ್ತಿತ್ತು.

“ಬೀಜ ಆರಿಸಂಗಿಲ್ಲೇನಬೇ?” ಎಂದು ಗಾಳಿ ಕೇಳಿತು.

“ಕಂಬಳಿ ಮ್ಯಾಲ ಕುಂತು ಕೂದ್ಲಾ ಆರಿಸಿಕೋತ ಹೋದ್ರ ಊಟ ಮಾಡೂದು ಯಾವಾಗ?” ಎಂದಳು ಮಾಳವ್ವ.

ಕಂಬಳಿ ಮುಗಿಯಿತು. ಹುಣಸೆಬೀಜ ಅರೆದು ಗಂಜಿ ಕಾಸಿ, ಉದ್ದಕ್ಕೂ ಅಗಲಕ್ಕೂ ಬಳಿದು, ಗುಡ್ಡದ ಮೇಲೆ ಬಿಗಿಯಾಗಿ ಹಾಸಿದಳು. ಗಂಜಿ ಒಣಗಿದರೆ ಕಂಬಳಿ ಗಟ್ಟಿ, ಮಳೆಗೂ ಜಗ್ಗದು.

ಸೂರ್ಯ ಇಣುಕಿ ನೋಡಿ ಹೇಳಿದ. “ಸಂಜಿತನಕ ಯಾರೂ ಮುಟ್ಟಬ್ಯಾಡ್ರಿ. ನಿರಿಗಿ ಬಿತ್ತಂದ್ರ ಅದು ಹೋಗಂಗಿಲ್ಲ.”

ಕುರಿಗಳು ಹಸಿ ಕಂಬಳಿ ತುಳಿಯದಂತೆ ಕಾಯಬೇಕಲ್ಲ? ಮಾಳವ್ವ ಕೋಲು ಹಿಡಿದು ಕಂಬಳಿಯ ಅಂಚಿಗೇ ಸುತ್ತು ಹಾಕತೊಡಗಿದಳು. ಹೊರಟಲ್ಲಿಗೇ ಬರುತ್ತಿದ್ದಳು, ಮತ್ತೆ ಹೊರಡುತ್ತಿದ್ದಳು.

ಮಾಳವ್ವ ಕುರಿಗಳನ್ನು ಎಂದೂ ಎಣಿಸುತ್ತಿರಲಿಲ್ಲ, ಎಣಿಸಿದರೆ ದೃಷ್ಟಿ ತಾಗುತ್ತದೆಂದು ಅವಳ ನಂಬಿಕೆ. ಅದರ ಬದಲು ಹೊತ್ತುಹೊತ್ತಿಗೆ ತಿರುಗಿ ನಿಂತು ಒಂದೊಂದರ ಮುಖ ನೋಡುತ್ತಿದ್ದಳು. ಎಲ್ಲ ಮುಖ ಕಂಡರೆ ಎಲ್ಲ ಕುರಿ ಇದ್ದ ಹಾಗೆ. ಅವತ್ತು ಮಾತ್ರ ಅವಳು ಬೆಳಗಿನಿಂದ ಕಂಬಳಿಯನ್ನೇ ನೋಡಿದಳು. ಎಷ್ಟು ನೋಡಿದರೂ ಸಾಲದು ಅವಳಿಗೆ.

ಹೊತ್ತು ವಾಲಿದಾಗ ಒಂದು ತಾಯಿಕುರಿ ಅರಚಿಕೊಂಡಿತು. ಮಾಳವ್ವ ಗಕ್ಕನೆ ತಿರುಗಿ ಮುಖಗಳನ್ನು ನೋಡಿದಳು. ಒಂದು ಮುಖ ಇರಲಿಲ್ಲ. ಕಂಡಕಂಡಲ್ಲಿ ಮೂಗು ತೂರಿಸುವ ಮರಿ ಅದು. ಮಾಳವ್ವ ಅದನ್ನು ಇಣುಕಿ ಎಂದೇ ಕರೆಯುತ್ತಿದ್ದಳು.

“ಇಣುಕೀ” ಎಂದು ಕೂಗುತ್ತ ಒಂದು ಸುತ್ತು ಬಂದಳು. ಹೊಳೆಯನ್ನು ಕೇಳಿದಳು, ಕಂಡಿಲ್ಲ ಎಂದಿತು. ಎರಡನೇ ಸುತ್ತು ಬಂದಳು. ಗಾಳಿಯನ್ನು ಕೇಳಿದಳು, ಕಂಡಿಲ್ಲ ಎಂದಿತು. ಮೂರನೇ ಸುತ್ತಿನಲ್ಲಿ ಅವಳ ಕಣ್ಣು ಕಂಬಳಿಯ ನಡುವೆ ನಿಂತಿತು. ಅಲ್ಲೊಂದು ಸಣ್ಣ ಉಬ್ಬು. ಅದು ಮೆಲ್ಲಗೆ ಅಲುಗುತ್ತಿತ್ತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಮರಿ ಕಂಬಳಿಯ ಕೆಳಗೇ ಇತ್ತು. ಅಂಚಿನಲ್ಲಿ ನುಸುಳಿ ಒಳಗೊಳಗೇ ನಡೆದು ಹೋಗಿತ್ತು, ಈಗ ಒದ್ದೆ ಕಂಬಳಿಯ ಭಾರಕ್ಕೆ ಏಳಲಾರದೆ ಬಿದ್ದಿತ್ತು.

ಮಾಳವ್ವ ಅಂಚು ಹಿಡಿದಳು. ಕೈ ಮೇಲೇಳಲಿಲ್ಲ. ಏಳು ಮಳೆಗಾಲದ ನೇಯ್ಗೆ. ಇನ್ನೊಂದು ನೇಯುವಷ್ಟು ಆಯುಸ್ಸು ಅವಳಲ್ಲಿ ಇರಲಿಲ್ಲ.

“ಗುಡ್ಡಪ್ಪ, ಎತ್ತಿದ್ರ ನಿನ್ನ ಕಂಬಳಿ ಕೆಡತೈತಿ. ಬಿಟ್ರ ಮರಿ ಉಳಿಯಂಗಿಲ್ಲ. ಏನ್ ಮಾಡ್ಲಿ?”

ಗುಡ್ಡ ಹೇಳಿತು. “ಅದು ನನ್ನ ಎದಿ ಮ್ಯಾಲ ಮಲಗೇತಿ ಬೇ. ನಾ ಹುಟ್ಟಿದಾಗಿಂದ ನನ್ನ ಮೈಯಾಗ ಬೆಚ್ಚಗಾಗಿದ್ದು ಅದೊಂದ ಜಾಗ. ಈಗ ಅದೂ ತಣ್ಣಗಾಗಾಕತ್ತೈತಿ. ಲಗೂನ ಎತ್ತು.”

ಮಾಳವ್ವ ಮತ್ತೆ ಯೋಚಿಸಲಿಲ್ಲ. ಅಂಚನ್ನು ಮಡಿಸಿ ಮಡಿಸಿ, ತಳ್ಳಿ ತಳ್ಳಿ, ನಿರಿಗೆಯ ಮೇಲೆ ನಿರಿಗೆ ಒಟ್ಟುತ್ತ ನಡುಗುಡ್ಡದವರೆಗೆ ಏದುಸಿರಿನಲ್ಲಿ ಹತ್ತಿದಳು. ಇಣುಕಿ ಸಿಕ್ಕಿತು. ಮೂಗಿಗೆಲ್ಲ ಗಂಜಿ ಮೆತ್ತಿತ್ತು. ಒರೆಸಿದಳು, ಬೆನ್ನು ತಿಕ್ಕಿದಳು. ಮರಿ ಎರಡು ಸಲ ಸೀನಿ ಕಣ್ಣು ಬಿಟ್ಟಿತು.

“ಅಲ್ಲಿ ಯಾಕ ಹೋಗಿದ್ದಿ?”

“ಒಳಗ ಏನೈತಿ ಅಂತ ನೋಡಾಕ.”

ಹೊಡೆಯಲು ಎತ್ತಿದ ಕೈಯನ್ನು ಮಾಳವ್ವ ಹಾಗೇ ಇಳಿಸಿದಳು. ತಡೆಯಲಾರದೆ ಕೇಳಿಯೂಬಿಟ್ಟಳು. “ಏನಿತ್ತು?”

“ಗುಡ್ಡದ ಎದಿ ಬಡಕೊಳ್ಳಾಕತ್ತಿತ್ತು,” ಎಂದಿತು ಇಣುಕಿ.

ಅಷ್ಟರಲ್ಲಿ ಗಂಜಿ ಒಣಗಿತ್ತು. ಮಾಳವ್ವ ಎಳೆದಳು, ಜಗ್ಗಿದಳು. ಅಂಚು ಕೆಳಗೆ ಬಂತು, ಉಬ್ಬುಗಳು ಹೋಗಲಿಲ್ಲ. ಪಕ್ಕದ ಗುಡ್ಡಗಳು ಮುದುಡಿದ ಕಂಬಳಿ ನೋಡಿ ಬಿದ್ದು ಬಿದ್ದು ನಕ್ಕವು. ಮಾಳವ್ವನಿಗೆ ಅಳು ಬಂದಿತು.

ಆಮೇಲೆ ಮಳೆ ಬಂತು. ನಕ್ಕ ಗುಡ್ಡಗಳ ಮೇಲೆ ಬಿದ್ದ ನೀರು ಜಾರಿ ಹೋಯಿತು, ನಿರಿಗೆಗಳ ನಡುವಿನದು ಅಲ್ಲೇ ನಿಂತಿತು. ಆರಿಸದೆ ಬಿಟ್ಟ ಬೀಜವೆಲ್ಲ ಮೊಳೆತು, ಕಂಬಳಿ ಹುಲ್ಲಾಯಿತು. ಚಳಿಗಾಲ ಬಂದಾಗ ಮಾಳವ್ವ ಹೆದರುತ್ತಲೇ ಕಿವಿಗೊಟ್ಟು ಕುಳಿತಳು. ಒಂದು ಬಂಡೆಯೂ ಉರುಳಲಿಲ್ಲ.

“ಗಾಳಿಗೆ ಒಳಗ ಬರಾಕ ದಾರಿನ ಸಿಗವಲ್ದು,” ಎಂದಿತು ಗುಡ್ಡ, ನಿದ್ದೆಗಣ್ಣಿನಲ್ಲಿ. “ನಿರಿಗಿ ಇದ್ರ ಇನ್ನೂ ಬೆಚ್ಚಗ ಬೇ ಮಾಳವ್ವ.” ಹಾಗೆಂದು ಮಲಗಿದ ಗುಡ್ಡ ಇನ್ನೂ ಎದ್ದಿಲ್ಲ, ಅದಕ್ಕೇ ನಮ್ಮೊಡನೆ ಮಾತಾಡುವುದಿಲ್ಲ.

ನಿರಿಗೆಗುಡ್ಡದ ತುಂಬ ಇವತ್ತಿಗೂ ಪುಟ್ಟ ಪುಟ್ಟ ಹಸಿರು ಉಬ್ಬುಗಳಿರುವುದು ಹಾಗಾಗಿ. ಮಾಳವ್ವ ತುಳಿದು ತುಳಿದು ಗಟ್ಟಿಯಾದ ದಾರಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಅದು ಗುಡ್ಡ ಸುತ್ತಿ ಹೊರಟಲ್ಲಿಗೇ ತಂದು ಬಿಡುತ್ತದೆ. ಮಕ್ಕಳೇ, ನಿಮ್ಮನ್ನು ಕರೆದುಕೊಂಡು ಆ ದಾರಿಯಲ್ಲಿ ಸುತ್ತು ಬಂದ ಮೇಲೆ ನಿಮ್ಮ ಅಜ್ಜಿ ಒಂದು ಗಳಿಗೆ ತಿರುಗಿ ನಿಂತು, ಯಾರನ್ನೂ ಎಣಿಸದೆ ನಿಮ್ಮೆಲ್ಲರ ಮುಖ ಒಂದೊಂದಾಗಿ ನೋಡುತ್ತಾಳಲ್ಲ, ಅದೂ ಮಾಳವ್ವನಿಂದ ಬಂದದ್ದೇ.